ಕೊಳೆತುಹೋದದ್ದರ ಲೆಕ್ಕ

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುವುದನ್ನು ನೀವೆಲ್ಲ ನೋಡಿರುತ್ತೀರಿ, ಕೆಲವರು ಮಾಡಿಯೂ ಇರುತ್ತೀರಿ. ಇವತ್ತಿನ ಕಥೆ ಅಂಥದೇ ಒಂದು ಕೆಲಸದಿಂದ ಶುರುವಾಗುತ್ತದೆ.

ಸುಣ್ಣಕಲ್ಲಿನ ಒಂದೆರಡು ಕಿಲೋ ಚೂರುಗಳನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ. ಅದರ ಮೇಲೆ ನೀರು ಬೆರೆಸಿದ ಅಸಿಟಿಕ್ ಆಮ್ಲ ಸುರಿಯಿರಿ. ವಿನಿಗರ್‌ನಲ್ಲಿ ಇರುವುದೂ ಇದೇ ಆಮ್ಲ. ಸಣ್ಣಗೆ ಗುಳ್ಳೆ ಏಳುತ್ತದೆ, ಕೋಣೆಯೆಲ್ಲ ಹುಳಿವಾಸನೆ. ದಿನ ಕಳೆದಂತೆ ಕಲ್ಲು ಕರಗುತ್ತ ಹೋಗುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟ್ ಕರಗುತ್ತದೆ, ಕ್ಯಾಲ್ಸಿಯಂ ಫಾಸ್ಫೇಟ್ ಉಳಿಯುತ್ತದೆ. ತಳದಲ್ಲಿ ನಿಂತ ಗಸಿಯನ್ನು ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಒಣಗಿಸಿ, ಕಪ್ಪು ತಟ್ಟೆಯ ಮೇಲೆ ತೆಳ್ಳಗೆ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಆಮೇಲೆ ಒದ್ದೆ ಮಾಡಿದ ಕುಂಚದ ತುದಿಯಿಂದ ಬೇಕಾದ ಕಣಗಳನ್ನು ಒಂದೊಂದಾಗಿ ಎತ್ತಿಕೊಳ್ಳಬೇಕು. ಕುತ್ತಿಗೆ ಹಿಡಿದುಕೊಳ್ಳುತ್ತದೆ, ಕಣ್ಣು ಉರಿಯುತ್ತದೆ, ಉಸಿರು ಜೋರಾಗಿ ಬಿಟ್ಟರೆ ತಟ್ಟೆಯ ಮೇಲಿದ್ದದ್ದು ಹಾರಿಹೋಗುತ್ತದೆ.

ಹೀಗೆ ಎತ್ತಿಕೊಂಡದ್ದು ಏನು? ಒಂದು ಮಿಲಿಮೀಟರ್ ಉದ್ದವೂ ಇರದ, ಜೇನಿನ ಬಣ್ಣದ, ಹೊಳೆಯುವ ಪುಟ್ಟ ಬಾಚಣಿಗೆ. ಅದರ ಪಕ್ಕದಲ್ಲಿ ಒಂದು ಕೋರೆಹಲ್ಲು. ಇನ್ನೊಂದು ಗರಗಸದ ತುಂಡಿನ ಹಾಗೆ, ಮತ್ತೊಂದು ಅಡಿಕೆ ಕತ್ತರಿಯ ಅಲಗಿನ ಹಾಗೆ. ಇವಕ್ಕೆ ಕೊನೊಡಾಂಟ್ ಎಂದು ಹೆಸರು. ಸುಮಾರು 50 ಕೋಟಿ ವರ್ಷಗಳ ಹಿಂದಿನಿಂದ ಹಿಡಿದು 20 ಕೋಟಿ ವರ್ಷಗಳ ಹಿಂದಿನವರೆಗಿನ ಕಡಲ ಕಲ್ಲುಗಳಲ್ಲಿ ಇವು ಸಿಗುತ್ತವೆ. ಆಮೇಲೆ ಒಮ್ಮೆಲೇ ಇಲ್ಲ.

1856ರಲ್ಲಿ ಕ್ರಿಶ್ಚಿಯನ್ ಪ್ಯಾಂಡರ್ ಇವನ್ನು ಮೊದಲು ವಿವರಿಸಿದ. ರೀಗಾದಲ್ಲಿ ಹುಟ್ಟಿದವನು. ಕೋಳಿಮೊಟ್ಟೆಯೊಳಗೆ ಭ್ರೂಣ ಪದರ ಪದರವಾಗಿ ಬೆಳೆಯುತ್ತದೆ ಎಂದು ಕಂಡುಕೊಂಡವನೂ ಇವನೇ. ಬಾಲ್ಟಿಕ್ ತೀರದ ಕಲ್ಲುಗಳಲ್ಲಿ ಸಿಕ್ಕ ಈ ಚೂರುಗಳನ್ನು ನೋಡಿ ಅವನು ಮೀನಿನ ಹಲ್ಲು ಎಂದ. ಬೇರೆಯವರು ಒಪ್ಪಲಿಲ್ಲ. ಹುಳುವಿನ ದವಡೆ ಎಂದರು ಕೆಲವರು. ಬಸವನಹುಳುವಿನ ನಾಲಗೆಯ ಮೇಲಿನ ಗರಗಸ ಎಂದರು ಇನ್ನು ಕೆಲವರು. ಸಂಧಿಪದಿಯ ಕಾಲಿನ ತುಂಡು ಎಂದವರೂ ಇದ್ದರು, ಪ್ರಾಣಿಯದ್ದೇ ಅಲ್ಲ, ಸಸ್ಯದ್ದು ಎಂದವರೂ ಇದ್ದರು. ಹಲ್ಲುಗಳು ಲಕ್ಷಗಟ್ಟಲೆ ಸಿಕ್ಕವು. ಅವುಗಳ ಒಡೆಯ ಮಾತ್ರ ನೂರ ಇಪ್ಪತ್ತೈದು ವರ್ಷ ಸಿಗಲಿಲ್ಲ.

ಯಾರದ್ದು ಎಂದು ಗೊತ್ತಿಲ್ಲದೆಯೇ ಜಗತ್ತು ಇವನ್ನು ಕೆಲಸಕ್ಕೆ ಹಚ್ಚಿತು. ಈ ಹಲ್ಲುಗಳ ಆಕಾರ ಬೇಗ ಬೇಗ ಬದಲಾಗುತ್ತ ಹೋಗಿದೆ, ಹಾಗಾಗಿ ಯಾವ ಕಲ್ಲು ಯಾವ ಕಾಲದ್ದು ಎಂದು ಹೇಳಲು ಇವು ಗಡಿಯಾರದ ಮುಳ್ಳಿನಂತೆ ಒದಗುತ್ತವೆ. 25 ಕೋಟಿ ವರ್ಷಗಳ ಹಿಂದೆ ಕಡಲಿನ ಬಹುಪಾಲು ಜೀವಗಳು ಅಳಿದುಹೋದವಲ್ಲ, ಅದಾದ ಮೇಲಿನ ಟ್ರಯಾಸಿಕ್ ಯುಗದ ಆರಂಭವನ್ನು ಭೂವಿಜ್ಞಾನಿಗಳು ಗುರುತಿಸಿರುವುದು ಹಿಂಡಿಯೋಡಸ್ ಪಾರ್ವಸ್ ಎಂಬ ಕೊನೊಡಾಂಟ್ ಮೊದಲು ಕಾಣಿಸಿಕೊಳ್ಳುವ ಪದರದಿಂದ. ಚೀನಾದ ಮೈಶಾನ್ ಎಂಬಲ್ಲಿನ ಪದರಕ್ಕೆ 2001ರಲ್ಲಿ ಆ ಮಾನ್ಯತೆ ಸಿಕ್ಕಿತು. ಆ ಗೌರವಕ್ಕೆ ಪೈಪೋಟಿಯಲ್ಲಿದ್ದ ಜಾಗಗಳಲ್ಲಿ ನಮ್ಮ ಕಾಶ್ಮೀರದ ಗುರ್ಯುಲ್ ಕಣಿವೆಯೂ ಒಂದು. ಶ್ರೀನಗರಕ್ಕೆ ಹೋದವರು ಸರೋವರ ನೋಡಿ ಬರುತ್ತಾರೆ. ಹತ್ತಿರದಲ್ಲೇ ಇರುವ ಖುನ್‌ಮೋಹ್ ಊರಿನ ಆ ಬೋಳು ಗುಡ್ಡವನ್ನೂ ನೋಡಿ ಬನ್ನಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬಣ್ಣದ ವಿಷಯವನ್ನೂ ಹೇಳಿಬಿಡುತ್ತೇನೆ, ನನಗೆ ತುಂಬ ಇಷ್ಟದ ಭಾಗ ಅದು. ಒಗ್ಗರಣೆಗೆ ಹಾಕಿದ ಬೆಳ್ಳುಳ್ಳಿ ಮೊದಲು ತಿಳಿ ಹಳದಿ, ಆಮೇಲೆ ಹೊಂಬಣ್ಣ, ಆಮೇಲೆ ಕಂದು, ಕೈಮೀರಿದರೆ ಕಪ್ಪು. ಬಣ್ಣ ನೋಡಿಯೇ ಎಣ್ಣೆ ಎಷ್ಟು ಕಾದಿತ್ತು ಎಂದು ಅಡುಗೆ ಮಾಡುವವರು ಹೇಳಬಲ್ಲರು. ಕೊನೊಡಾಂಟ್ ಕೂಡ ಭೂಮಿಯೊಳಗೆ ಹೂತು ಬಿಸಿಯಾದಷ್ಟೂ ಹೀಗೆಯೇ ಬಣ್ಣ ತಿರುಗುತ್ತದೆ. ಒಮ್ಮೆ ತಿರುಗಿದ ಬಣ್ಣ ಆ ಬಿಸಿಯ ಗುರುತಾಗಿ ಉಳಿದುಬಿಡುತ್ತದೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ಅನಿಟಾ ಎಪ್ಸ್‌ಟೀನ್ ಮತ್ತು ಜೊತೆಗಾರರು 1977ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿಕೊಟ್ಟರು. ತಿಳಿ ಹಳದಿ ಎಂದರೆ ಕಲ್ಲು ಹೆಚ್ಚು ಕಾದಿಲ್ಲ. ಕಡುಗಪ್ಪು ಎಂದರೆ 300 ಡಿಗ್ರಿ ದಾಟಿದೆ, ಅಲ್ಲಿ ಎಣ್ಣೆ ಹುಡುಕುವುದು ವ್ಯರ್ಥ. ತೈಲ ಕಂಪನಿಗಳು ಕೊರೆಯುವ ಮೊದಲು ಈ ಹಲ್ಲುಗಳ ಬಣ್ಣ ನೋಡತೊಡಗಿದವು. ಆಗಲೂ ಹಲ್ಲಿನ ಒಡೆಯ ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಇನ್ನು ಒಡೆಯನ ಹುಡುಕಾಟ. 1934ರಲ್ಲಿ ಜರ್ಮನಿಯಲ್ಲಿ ಹರ್ಮನ್ ಶ್ಮಿಟ್, ಅಮೆರಿಕದಲ್ಲಿ ಹೆರಾಲ್ಡ್ ಸ್ಕಾಟ್, ಒಬ್ಬರಿಗೊಬ್ಬರ ಸುದ್ದಿ ತಿಳಿಯದೆ ಒಂದೇ ಸಂಗತಿಯನ್ನು ಕಂಡರು. ಬೇರೆ ಬೇರೆ ಆಕಾರದ ಹಲ್ಲುಗಳು ಕಲ್ಲಿನ ಮೇಲೆ ಜೋಡಿ ಜೋಡಿಯಾಗಿ, ಎಡಬಲ ಸರಿಹೊಂದುವಂತೆ ಒಟ್ಟಿಗೆ ಬಿದ್ದಿದ್ದವು. ಅಲ್ಲಿಯತನಕ ಬಾಚಣಿಗೆಯ ಆಕಾರಕ್ಕೆ ಒಂದು ಜಾತಿ, ಕೋರೆಗೆ ಇನ್ನೊಂದು ಜಾತಿ ಎಂದು ಹೆಸರಿಡುತ್ತ ಬಂದಿದ್ದರು. ನಿಜದಲ್ಲಿ ಅವೆಲ್ಲ ಒಂದೇ ಬಾಯಿಯವು. ನಮ್ಮ ಬಾಯಿಯ ಬಾಚಿಹಲ್ಲಿಗೊಂದು ಪ್ರಾಣಿ, ದವಡೆಹಲ್ಲಿಗೊಂದು ಪ್ರಾಣಿ ಎಂದು ಬರೆದಿಟ್ಟರೆ ಹೇಗೋ ಹಾಗೆ. ಸಾಮಾನ್ಯವಾಗಿ ಒಂದು ಬಾಯಿಗೆ ಹದಿನೈದು ಹಲ್ಲು.

ಇದೇ ಹೆರಾಲ್ಡ್ ಸ್ಕಾಟ್, ಸುಮಾರು ನಲವತ್ತು ವರ್ಷಗಳ ನಂತರ, ವಿಲಿಯಂ ಮೆಲ್ಟನ್ ಜೊತೆ ಸೇರಿ ಒಡೆಯನೇ ಸಿಕ್ಕನೆಂದು ಪ್ರಕಟಿಸಿದರು. 1973ನೇ ಇಸವಿ. ಅಮೆರಿಕದ ಮೊಂಟಾನಾದಲ್ಲಿ ಬೇರ್ ಗಲ್ಚ್ ಎಂಬ ಸುಣ್ಣಕಲ್ಲಿನ ಜಾಗ. ಅಲ್ಲಿ ಸಿಕ್ಕ, ಅಂಗೈಯಷ್ಟು ಉದ್ದದ, ಬಾಲದಲ್ಲಿ ರೆಕ್ಕೆಯಿರುವ ಮೆತ್ತನೆಯ ಪ್ರಾಣಿಯ ಮೈಯೊಳಗೆ ಕೊನೊಡಾಂಟ್ ಹಲ್ಲುಗಳಿದ್ದವು. ಒಂದು ಜೀವಮಾನದ ಹುಡುಕಾಟ ಮುಗಿಯಿತು ಎನ್ನಿಸಿರಬೇಕು ಅವರಿಗೆ. ಮರುಪರೀಕ್ಷೆ ಮಾಡಿದವರು ಹಲ್ಲುಗಳು ಎಲ್ಲಿವೆ ಎಂದು ಸೂಕ್ಷ್ಮವಾಗಿ ನೋಡಿದರು. ಬಾಯಲ್ಲಿರಲಿಲ್ಲ, ಹೊಟ್ಟೆಯಲ್ಲಿದ್ದವು, ಅದೂ ಚೆಲ್ಲಾಪಿಲ್ಲಿಯಾಗಿ. ಈ ಪ್ರಾಣಿ ಕೊನೊಡಾಂಟನ್ನು ತಿಂದಿತ್ತು. ಸಿಕ್ಕಿದ್ದು ಒಡೆಯ ಅಲ್ಲ, ಒಡೆಯನನ್ನು ನುಂಗಿದವನು.

ಹಾಗಾದರೆ ಆ ನುಂಗಿದವನು ಯಾರು? ಟೈಫ್ಲೋಯೀಸಸ್ ಎಂದು ಅದರ ಹೆಸರು. ಕೊನೊಡಾಂಟ್ ಪಟ್ಟ ಕಳೆದುಕೊಂಡ ಮೇಲೆ ಅದಕ್ಕೆ ಪ್ರಾಣಿವಂಶದಲ್ಲಿ ಎಲ್ಲೂ ಜಾಗ ಸಿಗಲಿಲ್ಲ. ಕಣ್ಣಿಲ್ಲ, ಬೆನ್ನೆಲುಬಿಲ್ಲ, ಗುದದ್ವಾರದ ಗುರುತೂ ಇಲ್ಲ. 2022ರಲ್ಲಿ ಸೈಮನ್ ಕಾನ್ವೇ ಮಾರಿಸ್ ಮತ್ತು ಜೀನ್ ಬರ್ನಾರ್ಡ್ ಕ್ಯಾರನ್ ಅದರ ಮುಂಭಾಗದಲ್ಲಿ ಎರಡು ಸಾಲು ಪುಟ್ಟ ಹಲ್ಲುಗಳನ್ನು ಕಂಡು, ಇದು ಬಸವನಹುಳುವಿನ ಬಳಗದ ಈಜುವ ಮೃದ್ವಂಗಿ ಇರಬಹುದು ಎಂದಿದ್ದಾರೆ. 'ಇರಬಹುದು' ಎಂಬ ಮಾತನ್ನು ಅವರು ಶೀರ್ಷಿಕೆಯಲ್ಲೇ ಇಟ್ಟಿದ್ದಾರೆ, ಅದು ನನಗೆ ಹಿಡಿಸಿತು.

ಕೊನೊಡಾಂಟ್‌ನ ನಿಜವಾದ ಒಡೆಯ ಸಿಕ್ಕಿದ್ದು 1982ರಲ್ಲಿ, ಎಡಿನ್‌ಬರೋದಲ್ಲಿ, ಡ್ರಾಯರ್ ಒಂದರೊಳಗೆ. ಊರಿನ ಪಕ್ಕದ ಗ್ರಾಂಟನ್ ಕಡಲತೀರದಿಂದ ಯಾವ ಕಾಲದಲ್ಲೋ ತಂದು ಜೋಪಾನ ಮಾಡಿದ್ದ ಕಲ್ಲುಗಳು ಅವು. ಯೂಆನ್ ಕ್ಲಾರ್ಕ್‌ಸನ್ ಸಿಗಡಿಯ ಪಳೆಯುಳಿಕೆ ಹುಡುಕುತ್ತ ಒಂದೊಂದೇ ಕಲ್ಲನ್ನು ತಿರುಗಿಸಿ ನೋಡುತ್ತಿದ್ದರು. ನಾಲ್ಕು ಸೆಂಟಿಮೀಟರ್ ಉದ್ದದ, ದಾರದಂಥ ಒಂದು ಗುರುತು ಕಣ್ಣಿಗೆ ಬಿತ್ತು. ಅದರ ಒಂದು ತುದಿಯಲ್ಲಿ, ಹೊಟ್ಟೆಯಲ್ಲಲ್ಲ, ಬಾಯಿ ಇರಬೇಕಾದ ಕಡೆಯಲ್ಲೇ, ಕೊನೊಡಾಂಟ್ ಹಲ್ಲುಗಳು ಸಾಲಾಗಿ ಕೂತಿದ್ದವು. ಡೆರೆಕ್ ಬ್ರಿಗ್ಸ್, ಕ್ಲಾರ್ಕ್‌ಸನ್, ರಿಚರ್ಡ್ ಆಲ್ಡ್ರಿಜ್ ಮೂವರೂ ಸೇರಿ 1983ರಲ್ಲಿ ಪ್ರಕಟಿಸಿದರು. ಆಮೇಲೆ ಇನ್ನಷ್ಟು ಮಾದರಿಗಳು ಸಿಕ್ಕವು. ದೊಡ್ಡ ಎರಡು ಕಣ್ಣು, ಬೆನ್ನಿನುದ್ದಕ್ಕೂ ನೋಟೋಕಾರ್ಡ್ ಎಂಬ ಬಾಗುವ ದಂಡ, ಮೈಯ ಎರಡೂ ಬದಿಯಲ್ಲಿ ಮಡಚಿದ ಗೆರೆಗಳಂತೆ ಸ್ನಾಯುವಿನ ಪಟ್ಟಿಗಳು. ಬಂಗುಡೆ ಬೇಯಿಸಿ ತೊಗಲು ಸುಲಿದರೆ ಮಾಂಸ ಪಟ್ಟಿ ಪಟ್ಟಿಯಾಗಿ ಬಿಡಿಸಿಕೊಳ್ಳುತ್ತದಲ್ಲ, ಅವೇ ಪಟ್ಟಿಗಳು.

ಅಂದರೆ ನಮ್ಮ ಬಳಗ. ಬೆನ್ನೆಲುಬಿನವರ ವಂಶ. ಪ್ಯಾಂಡರ್ ಮೀನು ಎಂದದ್ದು ಪೂರ್ತಿ ಸುಳ್ಳಾಗಿರಲಿಲ್ಲ.

ಜಗಳ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಈ ಹಲ್ಲು ಮತ್ತು ನಮ್ಮ ಹಲ್ಲು ಒಂದೇ ಮೂಲದವೇ ಎಂಬ ಪ್ರಶ್ನೆ ಎದ್ದಿತು. ಒಂದೇ ಆಗಿದ್ದರೆ ದವಡೆ ಹುಟ್ಟುವುದಕ್ಕೆ ಎಷ್ಟೋ ಮೊದಲೇ ಹಲ್ಲು ಹುಟ್ಟಿತು ಎಂದಾಗುತ್ತದೆ. ಪಠ್ಯಪುಸ್ತಕ ತಿದ್ದಬೇಕಾದ ಮಾತು ಅದು. 2013ರಲ್ಲಿ ಹಳೆಯ ಕೊನೊಡಾಂಟ್ ಹಲ್ಲುಗಳನ್ನು ಸಿಂಕ್ರೋಟ್ರಾನ್ ಎಂಬ ದೊಡ್ಡ ಯಂತ್ರದ ಪ್ರಖರ ಎಕ್ಸ್-ಕಿರಣದಲ್ಲಿ ಒಳಗಿನವರೆಗೂ ನೋಡಿದರು. ಮೇಲಿನ ಹೊಳಪಿನ ಪದರ ಕೊನೊಡಾಂಟ್ ವಂಶದೊಳಗೇ ನಿಧಾನವಾಗಿ ಬೆಳೆದುಬಂದದ್ದು, ನಮ್ಮ ಹಲ್ಲಿನ ಎನಾಮೆಲ್‌ಗೂ ಅದಕ್ಕೂ ನೆಂಟಸ್ತನ ಇಲ್ಲ ಎಂದು ತೋರಿತು. ಹಲ್ಲಿನ ಸಾಕ್ಷಿ ಹೀಗೆ ಬಿದ್ದುಹೋಯಿತು. ಈಗ ಬಹಳ ಮಂದಿ ಕೊನೊಡಾಂಟನ್ನು ಲ್ಯಾಂಪ್ರಿ, ಹ್ಯಾಗ್‌ಫಿಶ್ ಎಂಬ ಹಾವಿನಂಥ ಮೈಯ, ದವಡೆಯಿಲ್ಲದ ಮೀನುಗಳ ಅಕ್ಕಪಕ್ಕ ಕೂರಿಸುತ್ತಾರೆ, ಕೆಲವರು ಇನ್ನೂ ಒಪ್ಪುವುದಿಲ್ಲ. ಹೀಗೆ ಒಪ್ಪದಿರುವುದಕ್ಕೆ ಬಲವಾದ ಕಾರಣವೊಂದಿದೆ. ನಾನು ಇವತ್ತು ನಿಮ್ಮ ಮುಂದಿಡಬೇಕೆಂದು ಬಂದದ್ದೇ ಅದು.

ಮೀನು ಕೊಳ್ಳಲು ಹೋದಾಗ ನೀವು ಏನು ನೋಡುತ್ತೀರಿ? ಕಿವಿರು ಎತ್ತಿ ಕೆಂಪಾಗಿದೆಯೇ ಎಂದು ನೋಡುತ್ತೀರಿ. ಹೊಟ್ಟೆ ಒತ್ತಿ ಗಟ್ಟಿಯಿದೆಯೇ ಎಂದು ನೋಡುತ್ತೀರಿ. ಬಾಲದ ಕಡೆಯ ಮಾಂಸವನ್ನು ಯಾರೂ ಮೊದಲು ಮುಟ್ಟಿ ನೋಡುವುದಿಲ್ಲ, ಯಾಕೆಂದರೆ ಅದು ಕೆಡುವುದು ತಡವಾಗಿ. ಕೊಳೆಯುವುದಕ್ಕೂ ಒಂದು ಸರದಿ ಇದೆ. ಮೀನು ಮಾರುವ ಹೆಂಗಸರಿಗೆ ಇದು ಎಂದಿನಿಂದಲೂ ಗೊತ್ತು.

ಆ ಸರದಿಯನ್ನು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮೂವರು ಅಳೆದರು. ರಾಬರ್ಟ್ ಸ್ಯಾನ್ಸಮ್, ಸಾರಾ ಗ್ಯಾಬಟ್, ಮಾರ್ಕ್ ಪರ್ನೆಲ್. ಸಾರಾ ಗ್ಯಾಬಟ್ ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾದ ದೈತ್ಯ ಕೊನೊಡಾಂಟ್ ಪ್ರೊಮಿಸಮ್ ಮೇಲೆ ಕೆಲಸ ಮಾಡಿದವರು. ಆ ಪ್ರೊಮಿಸಮ್ ಅನ್ನು 1986ರಲ್ಲಿ ಮೊದಲು ವಿವರಿಸಿದಾಗ ನೆಲದ ಮೇಲಿನ ಪುರಾತನ ಸಸ್ಯ ಎಂದು ಬರೆದಿದ್ದರು! ಹಲ್ಲನ್ನು ಗಿಡ ಎಂದು ಓದಿದ್ದರು. ಇರಲಿ, ಲೆಸ್ಟರ್‌ಗೆ ಬರೋಣ. ಅವರು ಮಾಡಿದ ಕೆಲಸ ಸರಳ, ವಾಸನೆ ಮಾತ್ರ ಘೋರ. ಆಂಫಿಯಾಕ್ಸಸ್ ಎಂಬ, ಮೀನಿನಂತೆ ಕಂಡರೂ ಬೆನ್ನೆಲುಬಿಲ್ಲದ ಪುಟ್ಟ ಕಡಲಜೀವಿಗಳನ್ನೂ ಲ್ಯಾಂಪ್ರಿಗಳನ್ನೂ ಸಮುದ್ರದ ನೀರಿನಲ್ಲೋ ಸಿಹಿನೀರಿನಲ್ಲೋ ಅವುಗಳಿಗೆ ತಕ್ಕಂತೆ ಇಟ್ಟು, ಮುಚ್ಚಿ, ಕೊಳೆಯಲು ಬಿಟ್ಟರು. ದಿನಗಳನ್ನು ಲೆಕ್ಕ ಹಾಕಿ ಒಂದೊಂದೇ ಡಬ್ಬಿ ತೆರೆದು, ಯಾವ ಅಂಗ ಇನ್ನೂ ಇದೆ, ಯಾವುದು ಕದಡಿದೆ, ಯಾವುದು ಮಾಯವಾಗಿದೆ ಎಂದು ಬರೆದಿಟ್ಟರು. 2010ರಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು.

ಅವರು ಕಂಡದ್ದನ್ನು ನಿಧಾನವಾಗಿ ಹೇಳುತ್ತೇನೆ. ಒಂದು ಪ್ರಾಣಿಯ ಮೈಯಲ್ಲಿ ಎರಡು ಬಗೆಯ ಗುರುತುಗಳಿರುತ್ತವೆ. ಕೆಲವು ಹಳೆಯವು, ಇಡೀ ದೊಡ್ಡ ಕುಟುಂಬಕ್ಕೆ ಸೇರಿದವು, ನೋಟೋಕಾರ್ಡ್ ಮತ್ತು ಸ್ನಾಯುಪಟ್ಟಿಗಳ ಹಾಗೆ. ಕೆಲವು ಹೊಸವು, ಇದು ಇಂಥ ಕವಲಿಗೇ ಸೇರಿದ್ದು ಎಂದು ತೋರಿಸುವಂಥವು, ತಲೆಯ ಭಾಗದ ಸೂಕ್ಷ್ಮ ಅಂಗಗಳ ಹಾಗೆ. ಕೊಳೆಯುವಾಗ ಮೊದಲು ಹೋಗುವುದು ಹೊಸವು. ಹಳೆಯವು ಕೊನೆಯವರೆಗೆ ಗಟ್ಟಿಯಾಗಿ ನಿಲ್ಲುತ್ತವೆ. ಹಾಗಾಗಿ ಲ್ಯಾಂಪ್ರಿ ಕೊಳೆಯುತ್ತ ಕೊಳೆಯುತ್ತ ತನ್ನ ಪೂರ್ವಿಕರ ಹಾಗೆ ಕಾಣತೊಡಗುತ್ತದೆ. ಅರ್ಧ ಕೊಳೆತಾಗ ಕೆಸರಲ್ಲಿ ಹೂತು ಕಲ್ಲಾದರೆ, ಕೋಟಿಗಟ್ಟಲೆ ವರ್ಷಗಳ ಮೇಲೆ ಅದನ್ನು ಎತ್ತಿದವನು 'ಓಹ್, ಇದು ಬಹಳ ಹಿಂದಿನ, ಬಹಳ ಸರಳ ಪ್ರಾಣಿ' ಎಂದು ವಂಶವೃಕ್ಷದ ಬುಡದ ಕಡೆಗೆ ಇಡುತ್ತಾನೆ. ಅದು ಹಾಗೆ ಹುಟ್ಟಿರಲಿಲ್ಲ, ಹಾಗೆ ಕೊಳೆತಿತ್ತು ಅಷ್ಟೆ.

ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ವರ್ಷಾನುಗಟ್ಟಲೆ ತರಗತಿಯಲ್ಲಿ 'ಈ ಪಳೆಯುಳಿಕೆಯಲ್ಲಿ ಇಂಥ ಅಂಗ ಇಲ್ಲ, ಆದ್ದರಿಂದ ಇದು ಇಂಥ ಗುಂಪಲ್ಲ' ಎಂದು ಪಾಠ ಹೇಳಿದ್ದೆ. ಇಲ್ಲ ಎನ್ನುವುದಕ್ಕೆ ಎರಡು ಅರ್ಥ ಇದೆ. ಹುಟ್ಟಿನಿಂದಲೇ ಇರಲಿಲ್ಲ ಎನ್ನುವುದು ಒಂದು, ಇತ್ತು, ಕೊಳೆತುಹೋಯಿತು ಎನ್ನುವುದು ಇನ್ನೊಂದು. ಕಲ್ಲಿನ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಮುಂದಿನ ವರ್ಷದ ವಿದ್ಯಾರ್ಥಿಗಳಿಗೆ ಆ ಪಾಠವನ್ನು ನಾನು ಬೇರೆ ರೀತಿ ಹೇಳಿದೆ.

ಕೊಳೆತ ಇನ್ನೊಂದು ಥರದಲ್ಲೂ ದಾರಿ ತಪ್ಪಿಸುತ್ತದೆ. ಅದು ಇರುವುದನ್ನು ಕಳೆಯುವುದಷ್ಟೇ ಅಲ್ಲ, ಇಲ್ಲದ್ದನ್ನು ಸೇರಿಸಲೂಬಹುದು. ಹ್ಯಾಲೂಸಿಜೀನಿಯಾ ಎಂಬ ಪ್ರಾಣಿಯ ಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಕೆನಡಾದ ಬರ್ಜೆಸ್ ಶೇಲ್ ಕಲ್ಲುಗಳದ್ದು, ಸುಮಾರು 50 ಕೋಟಿ ವರ್ಷ ಹಳೆಯದು, ಬೆರಳುದ್ದವೂ ಇಲ್ಲ. 1911ರಲ್ಲಿ ಚಾರ್ಲ್ಸ್ ವಾಲ್ಕಾಟ್ ಇದನ್ನು ಬಿರುಗೂದಲಿನ ಹುಳು ಎಂದು ಬರೆದ. 1977ರಲ್ಲಿ ಕಾನ್ವೇ ಮಾರಿಸ್ ಅದಕ್ಕೆ ಈಗಿನ ಹೆಸರಿಟ್ಟು, ಮುಳ್ಳುಗಳನ್ನೇ ಕಾಲು ಮಾಡಿ ನಿಲ್ಲಿಸಿದರು. 1991ರಲ್ಲಿ ರಾಮ್‌ಸ್ಕೋಲ್ಡ್ ಮತ್ತು ಹೌ ಷಿಯಾನ್‌ಗುವಾಂಗ್ ಅದನ್ನು ತಲೆಕೆಳಗು ಮಾಡಿದರು, ಮುಳ್ಳು ಬೆನ್ನಿನ ಮೇಲಿನವು, ಮೆತ್ತಗಿನವು ಕಾಲು ಎಂದು. ಅಷ್ಟಾದರೂ ಒಂದು ತುದಿಯ ದೊಡ್ಡ ಕಪ್ಪು ಗುಂಡನ್ನು ತಲೆ ಎಂದೇ ಬಹಳ ಮಂದಿ ನಂಬಿದ್ದರು. 2015ರಲ್ಲಿ ಮಾರ್ಟಿನ್ ಸ್ಮಿತ್ ಮತ್ತು ಕ್ಯಾರನ್ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಣ್ಣು, ಬಾಯಿ, ಬಾಯೊಳಗಿನ ಹಲ್ಲಿನ ಸುತ್ತು ಎಲ್ಲವೂ ಇನ್ನೊಂದು ತುದಿಯಲ್ಲಿದ್ದವು. ಆ ಕಪ್ಪು ಗುಂಡು, ಹೂತ ಮೇಲೆ ಮೈ ಹಿಸುಕಿ ಹಿಂಭಾಗದಿಂದ ಹೊರಬಂದ ಕೊಳೆತ ರಸ. ಅದರ ಕಲೆಗೆ ತಲೆ ಎಂದು ಹೆಸರಿಟ್ಟಿದ್ದರು.

ಇದರ ನೆಂಟರು ಈಗಲೂ ಬದುಕಿದ್ದಾರೆ. ವೆಲ್ವೆಟ್ ಹುಳು ಎಂದು ಕರೆಯುತ್ತಾರೆ, ಒದ್ದೆ ಕಾಡಿನ ತರಗೆಲೆಯಡಿ ಮೊಂಡು ಕಾಲುಗಳಲ್ಲಿ ನಡೆಯುವ ಮೃದುವಾದ ಜೀವಿ. ಉಗುರಿನೊಳಗೆ ಉಗುರು ಬೆಳೆಯುವ ಅವುಗಳ ರೀತಿ ಹ್ಯಾಲೂಸಿಜೀನಿಯಾದ ಉಗುರಿನಲ್ಲೂ ಇದೆ. ನಮ್ಮ ದೇಶದ ಟೈಫ್ಲೋಪೆರಿಪೇಟಸ್ ಎಂಬ ಜಾತಿ 1911ರಲ್ಲಿ ಅರುಣಾಚಲದ ಸಿಯಾಂಗ್ ಕಣಿವೆಯಲ್ಲಿ ಸಿಕ್ಕಿತ್ತು. ನೂರು ವರ್ಷಕ್ಕೂ ಮೇಲ್ಪಟ್ಟು ಕಾಣದಿದ್ದ ಅದನ್ನು ನಮ್ಮ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಅದೇ ಕಣಿವೆಯಲ್ಲಿ ಮತ್ತೆ ಹುಡುಕಿ ತೆಗೆದರು.

ಎಲ್ಲವೂ ಕೊಳೆತರೆ ಉಳಿಯುವುದೇನು ಎಂದು ನೀವು ಕೇಳಬಹುದು. ಕೆಲವೊಮ್ಮೆ ಕೊಬ್ಬು ಉಳಿಯುತ್ತದೆ. ಡಿಕಿನ್ಸೋನಿಯಾದ ಕಥೆ ಅದು. 1946ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಎಡಿಯಾಕರಾ ಗುಡ್ಡಗಳಲ್ಲಿ ರೆಜ್ ಸ್ಪ್ರಿಗ್ ಎಂಬ ಭೂವಿಜ್ಞಾನಿ ಕಲ್ಲಿನ ಮೇಲೆ ವಿಚಿತ್ರ ಅಚ್ಚುಗಳನ್ನು ಕಂಡ. ಅವುಗಳಲ್ಲಿ ಒಂದು ಡಿಕಿನ್ಸೋನಿಯಾ. ಅಂಡಾಕಾರದ ಚಾಪೆಯ ಹಾಗೆ, ನಡುವೆ ಗೆರೆ, ಎರಡೂ ಬದಿಗೆ ಪಕ್ಕೆಯಂತೆ ಪಟ್ಟಿಗಳು. ಗಮನಿಸಿ ನೋಡಿದರೆ ಎಡಬಲದ ಪಟ್ಟಿಗಳು ಎದುರುಬದುರಾಗಿ ಕೂಡುವುದಿಲ್ಲ, ಒಂದಿಷ್ಟು ಸರಿದಿರುತ್ತವೆ. ಕೆಲವು ಮಿಲಿಮೀಟರ್ ಉದ್ದದವೂ ಇವೆ, ಒಂದೂ ಕಾಲು ಮೀಟರಿಗೂ ಉದ್ದದವೂ ಇವೆ. ಬಾಯಿ ಕಾಣುವುದಿಲ್ಲ, ಕರುಳು ಕಾಣುವುದಿಲ್ಲ. ಲೋಳೆಮೀನು, ಚಪ್ಪಟೆಹುಳು, ದೈತ್ಯ ಏಕಕೋಶಜೀವಿ, ಶಿಲೀಂಧ್ರ, ಮಸಾಲೆಗೆ ಹಾಕುತ್ತೇವಲ್ಲ ಕಲ್ಲುಹೂವು, ಅದರ ಜಾತಿಯದು, ಎಂದೆಲ್ಲ ವಾದಗಳಾದವು. ಆಡಾಲ್ಫ್ ಸೈಲಾಕರ್ ಅಂತೂ ಇವು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ, ಬದುಕಿನ ಬೇರೆಯೇ ಒಂದು ಪ್ರಯೋಗ, ಅದು ಮುಗಿದುಹೋಯಿತು ಎಂದರು.

ಆಕಾರ ನೋಡಿ ತೀರ್ಮಾನವಾಗದ ಈ ವ್ಯಾಜ್ಯವನ್ನು ಇಲ್ಯಾ ಬೊಬ್ರೋವ್‌ಸ್ಕಿ ಎಂಬ ಯುವ ಸಂಶೋಧಕ ರಸಾಯನದ ಕಟಕಟೆಗೆ ತಂದರು. ರಷ್ಯದ ಶ್ವೇತ ಸಮುದ್ರದ ದಂಡೆಯ ಕಡಿದಾದ ಬಂಡೆಗಳಲ್ಲಿ ಹಗ್ಗದಲ್ಲಿ ನೇತಾಡಿ ಕಲ್ಲು ಬಿಡಿಸಿ ತಂದ ಡಿಕಿನ್ಸೋನಿಯಾಗಳ ಮೇಲೆ ಕರಿಬಣ್ಣದ ತೆಳು ಪೊರೆ ಇನ್ನೂ ಅಂಟಿಕೊಂಡಿತ್ತು. ಆ ಪೊರೆಯ ಕೊಬ್ಬಿನ ಅಣುಗಳನ್ನು ಅಳೆದಾಗ 93 ಶೇಕಡಾದವರೆಗೂ ಕೊಲೆಸ್ಟರಾಲ್ ಬಳಗದವು. ಸುತ್ತಲಿನ ಕಲ್ಲಿನಲ್ಲಿ ಪಾಚಿಯ ಕೊಬ್ಬೇ ಹೆಚ್ಚು. ಶಿಲೀಂಧ್ರದಲ್ಲಿರಬೇಕಾದ ಬಗೆಯದು ಇಲ್ಲವೆನ್ನುವಷ್ಟು ಕಡಿಮೆ. 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇದು ಬಂತು. ಬಾಯಿ, ಕರುಳು, ಕಣ್ಣು ಒಂದೂ ಸಿಗದಿದ್ದರೂ, ರಕ್ತಪರೀಕ್ಷೆಯ ಚೀಟಿಯಲ್ಲಿ ನೋಡಿ ನಾವು ಚಿಂತೆ ಮಾಡುವ ಅದೇ ಕೊಲೆಸ್ಟರಾಲ್ 55 ಕೋಟಿ ವರ್ಷ ಕಾದಿದ್ದು ಸಾಕ್ಷಿ ಹೇಳಿತು, ಇದು ಪ್ರಾಣಿ ಎಂದು. ಪ್ರಾಣಿಗಳಲ್ಲಿ ಯಾವ ಕವಲು ಎಂದು ಮಾತ್ರ ಅದು ಹೇಳಲಾರದು.

ಡಿಕಿನ್ಸೋನಿಯಾ ಎಂದ ಮೇಲೆ ಭೀಮ್‌ಬೆಟ್ಕಾ ಹೇಳದೆ ಮುಂದೆ ಹೋಗಲಾರೆ. ಮಧ್ಯಪ್ರದೇಶದ ಆ ಗುಹೆಗಳ ಚಿತ್ರಗಳನ್ನು ನೋಡಲು ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. 2021ರಲ್ಲಿ ಗ್ರೆಗರಿ ರಿಟಾಲಾಕ್ ಮತ್ತು ಸಂಗಡಿಗರು ಅಲ್ಲಿನ ಸಭಾಂಗಣ ಗುಹೆಯ ಮೇಲ್ಭಾಗದಲ್ಲಿ ಡಿಕಿನ್ಸೋನಿಯಾ ಇದೆ ಎಂದು ಪ್ರಕಟಿಸಿದರು. ಭಾರತದ ಅತಿ ಹಳೆಯ ಪ್ರಾಣಿ ಎಂದು ನಮ್ಮ ಪತ್ರಿಕೆಗಳಲ್ಲೆಲ್ಲ ಬಂತು. ನಾನೂ ಆ ಚಿತ್ರವನ್ನು ಪ್ರಿಂಟ್ ತೆಗೆದು ಮೇಜಿನ ಎದುರು ಅಂಟಿಸಿಕೊಂಡಿದ್ದೆ. ಅದು ನಿಜವಾದರೆ ಆ ಗುಹೆಯಿರುವ, ವಿಂಧ್ಯ ಸಾಲಿನ ಮೇಲಿನ ಪದರಗಳ ಕಲ್ಲುಗಳ ವಯಸ್ಸು ಸುಮಾರು 55 ಕೋಟಿ ವರ್ಷ ಎಂದಾಗುತ್ತಿತ್ತು. ಅವು ನೂರು ಕೋಟಿ ವರ್ಷದಷ್ಟು ಹಳೆಯವು ಎಂದು ಬೇರೆ ಪುರಾವೆಗಳಿಂದ ವಾದಿಸುತ್ತಿದ್ದ ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್, ತಂಡ ಕಟ್ಟಿಕೊಂಡು ಗುಹೆಗೇ ಬಂದರು. ಹತ್ತಿರ ಹೋಗಿ ನೋಡಿದರೆ 'ಪಳೆಯುಳಿಕೆ' ಕಲ್ಲಿನಿಂದ ಸಿಪ್ಪೆಯಂತೆ ಕಳಚಿ ಬೀಳುತ್ತಿತ್ತು. ಕಲ್ಲಿನ ಪದರಕ್ಕೂ ಅದಕ್ಕೂ ಹೊಂದಾಣಿಕೆಯೇ ಇರಲಿಲ್ಲ. ಜೇನುಗೂಡಿನ ಕೋಶಗಳು ಕಾಣುತ್ತಿದ್ದವು. ಅದು ಹೆಜ್ಜೇನಿನ ಹಳೆಯ ತಟ್ಟಿ.

ಮಲೆನಾಡಿನವರು ಇಲ್ಲಿ ಇದ್ದರೆ ಅವರಿಗೆ ವಿವರಿಸಬೇಕಿಲ್ಲ. ಬಂಡೆಯ ಚಾಚಿನಡಿ ಹೆಜ್ಜೇನು ಕಟ್ಟಿ, ಎದ್ದು ಹೋದ ಮೇಲೆ ತಟ್ಟಿ ಉದುರಿ, ಬುಡದ ಮೇಣ ಬಂಡೆಗೆ ಕಚ್ಚಿಕೊಂಡು ಉಳಿಯುತ್ತದೆ. ಬಿಸಿಲು, ಗಾಳಿ, ಹುಳು ತಿಂದು ಅದರ ಅಂಚುಗಳು ಗೆರೆಗೆರೆಯಾಗುತ್ತವೆ. ಇಲ್ಲಿಯೂ ಕೊಳೆತವೇ ಚಿತ್ರ ಬರೆದಿತ್ತು. 2023ರಲ್ಲಿ ಮೀರ್ಟ್ ತಂಡ ಪ್ರಕಟಿಸಿದಾಗ ರಿಟಾಲಾಕ್ ತಮ್ಮದು ತಪ್ಪೆಂದು ಒಪ್ಪಿಕೊಂಡರು. ಎರಡೇ ವರ್ಷದಲ್ಲಿ, ವಾದ ಬೆಳೆಸದೆ. ಅವರ ಬೇರೆ ಎಷ್ಟೋ ಅಭಿಪ್ರಾಯಗಳನ್ನು ನಾನು ಒಪ್ಪುವುದಿಲ್ಲ, ಈ ನಡೆಗೆ ಮಾತ್ರ ಕೈಮುಗಿಯುತ್ತೇನೆ. ಆ ಪ್ರಿಂಟನ್ನು ನಾನು ತೆಗೆದು ಹಾಕಿಲ್ಲ. ಕೆಳಗೆ 'ಹೆಜ್ಜೇನು' ಎಂದು ಬರೆದಿದ್ದೇನೆ.

ಕೊನೆಯದಾಗಿ, ಇನ್ನೂ ತೀರ್ಮಾನವಾಗದ ಒಂದು ಪ್ರಾಣಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಮೇಜನ್ ಕ್ರೀಕ್ ಎಂಬ ತೊರೆ ಇದೆ. ಸುತ್ತ ಕಲ್ಲಿದ್ದಲ ಗಣಿಗಳು. ಗಣಿಯವರು ತೋಡಿ ಹಾಕಿದ ಮಣ್ಣಿನ ರಾಶಿಗಳಲ್ಲಿ ಕಬ್ಬಿಣಾಂಶದ ಕಂದು ಕಲ್ಲುಂಡೆಗಳು ಸಿಗುತ್ತವೆ, ಆಲೂಗಡ್ಡೆಯ ಗಾತ್ರದವು, ಆಕಾರವೂ ಹಾಗೆಯೇ. ಒಳಗೆ ಸುಮಾರು 31 ಕೋಟಿ ವರ್ಷ ಹಳೆಯ ಜೀವಿ ಇದ್ದರೂ ಇರಬಹುದು, ಇಲ್ಲದಿರಲೂಬಹುದು. 1950ರ ದಶಕದಲ್ಲಿ ಫ್ರಾನ್ಸಿಸ್ ಟುಲ್ಲಿ ಎಂಬ ಹವ್ಯಾಸಿ ಇಂಥ ಒಂದು ಉಂಡೆಯೊಳಗೆ ತಾನು ಎಲ್ಲೂ ಕಾಣದಿದ್ದ ಆಕೃತಿಯನ್ನು ಕಂಡು ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಒಯ್ದ. ಅಲ್ಲಿದ್ದವರಿಗೂ ಅದು ಏನೆಂದು ತಿಳಿಯಲಿಲ್ಲ. ಟುಲ್ಲಿಯವರ ಭೂತ ಎಂದೇ ಕರೆಯತೊಡಗಿದರು. 1966ರಲ್ಲಿ ಯೂಜೀನ್ ರಿಚರ್ಡ್‌ಸನ್ ಅದೇ ಹೆಸರನ್ನು ಲ್ಯಾಟಿನ್‌ಗೆ ತಿರುಗಿಸಿ ಟುಲ್ಲಿಮಾನ್‌ಸ್ಟ್ರಮ್ ಎಂದು ನಾಮಕರಣ ಮಾಡಿದರು. ಈಗ ಅದು ಇಲಿನಾಯ್ ರಾಜ್ಯದ ಅಧಿಕೃತ ಪಳೆಯುಳಿಕೆ.

ಕಣ್ಣು ಮುಚ್ಚಿಕೊಂಡು ಕಲ್ಪಿಸಿಕೊಳ್ಳಿ. ಒಂದು ಅಡಿಯವರೆಗೆ ಉದ್ದದ, ಎರಡೂ ಕಡೆ ಚೂಪಾದ ಮೈ. ಹಿಂದೆ ಬಾಲದ ರೆಕ್ಕೆ. ಮುಂದೆ ಆನೆಯ ಸೊಂಡಿಲಿನ ಹಾಗೆ ಉದ್ದನೆಯ ಕೊಳವೆ, ಅದರ ತುದಿಯಲ್ಲಿ ಇಕ್ಕಳದಂಥ ಬಾಯಿ, ಬಾಯಲ್ಲಿ ಪುಟ್ಟ ಹಲ್ಲು. ಮೈಗೆ ಅಡ್ಡಲಾಗಿ ಒಂದು ಗಟ್ಟಿ ದಂಡ, ನೊಗದ ಹಾಗೆ. ಆ ನೊಗದ ಎರಡು ತುದಿಗಳಲ್ಲಿ ಎರಡು ಕಣ್ಣು.

ಅರವತ್ತು ವರ್ಷಗಳಿಂದ ಇದನ್ನು ಹುಳು, ಬಸವನಹುಳು, ಸಂಧಿಪದಿ ಎಂದೆಲ್ಲ ಮನೆಯಿಂದ ಮನೆಗೆ ಕಳಿಸಿದ್ದಾಗಿದೆ. 2016ರಲ್ಲಿ ವಿಕ್ಟೋರಿಯಾ ಮೆಕಾಯ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಮಾದರಿಗಳನ್ನು ನೋಡಿ, ಮೈಯುದ್ದಕ್ಕೂ ಇರುವ ತಿಳಿಬಣ್ಣದ ಪಟ್ಟಿ ಕರುಳಲ್ಲ, ನೋಟೋಕಾರ್ಡ್, ಆದ್ದರಿಂದ ಇದು ಲ್ಯಾಂಪ್ರಿಯ ನೆಂಟ ಎಂದರು. ಅದೇ ವರ್ಷ ಲೆಸ್ಟರ್‌ನ ತಂಡ ಕಣ್ಣಿನೊಳಗೆ ಎರಡು ಆಕಾರದ ಬಣ್ಣದ ಕಣಗಳನ್ನು, ಉದ್ದನೆಯವನ್ನೂ ಗುಂಡನೆಯವನ್ನೂ, ಕಂಡು ಇದು ಕಶೇರುಕದ ಕಣ್ಣೇ ಎಂದಿತು. ಮರುವರ್ಷ ಲಾರೆನ್ ಸಲ್ಲನ್ ಮತ್ತು ಜೊತೆಗಾರರು ಎದುರು ನಿಂತರು. ಮೇಜನ್ ಕ್ರೀಕ್‌ನ ಕಡಲಭಾಗದ ಉಂಡೆಗಳಲ್ಲಿ ಬೇರೆ ಯಾವ ಮೀನಿನ ಒಳಗಿನ ಮೃದು ಅಂಗವೂ ಹೀಗೆ ಉಳಿದಿಲ್ಲ, ಇದರಲ್ಲಿ ಮಾತ್ರ ಹೇಗೆ ಉಳಿಯಿತು ಎಂದು ಕೇಳಿದರು. ಪ್ರಶ್ನೆ ಎಲ್ಲಿಗೆ ಬಂದು ನಿಂತಿತು ನೋಡಿ, ಕೊಳೆತದ ಸರದಿಗೇ ಬಂದಿತು. 2019ರಲ್ಲಿ ಕಣ್ಣಿನ ತಾಮ್ರ ಮತ್ತು ಸತುವಿನ ಲೆಕ್ಕ ಅಕಶೇರುಕಗಳ ಕಡೆಗೆ ವಾಲಿತು. 2020ರಲ್ಲಿ ಮೈಯ ಪ್ರೋಟೀನಿನ ಗುರುತುಗಳು ಕಶೇರುಕದ ಕಡೆಗೆ ವಾಲಿದವು. 2023ರಲ್ಲಿ ಟೋಕಿಯೋದ ಟೊಮೊಯುಕಿ ಮಿಕಾಮಿ ತಂಡ 153 ಮಾದರಿಗಳನ್ನು ಲೇಸರಿನಿಂದ ಮೂರು ಆಯಾಮದಲ್ಲಿ ಅಳೆದು, ಮೈಯ ಪಟ್ಟಿಗಳು ಕಣ್ಣನ್ನು ದಾಟಿ ತಲೆಯೊಳಕ್ಕೂ ಮುಂದುವರಿದಿವೆ, ಯಾವ ಕಶೇರುಕದಲ್ಲೂ ಹೀಗಿಲ್ಲ ಎಂದು ತೋರಿಸಿತು.

ನಿಮ್ಮ ಅಭಿಪ್ರಾಯವೇನು ಎಂದು ನನ್ನನ್ನು ಕೇಳಿದರೆ, ಮಿಕಾಮಿಯವರ ಮಾತಿಗೆ ನನ್ನ ತೂಕ ಹೆಚ್ಚು. ಕಾರಣ ಇಷ್ಟೇ. ಅವರು ಆಧಾರ ಮಾಡಿಕೊಂಡದ್ದು 'ಇಲ್ಲ' ಎನ್ನುವುದನ್ನಲ್ಲ, ಕಲ್ಲಿನಲ್ಲಿ ಉಬ್ಬುತಗ್ಗಾಗಿ ಇರುವುದನ್ನು. ಕೊಳೆತ ಒಂದು ಅಂಗವನ್ನು ಅಳಿಸಬಲ್ಲದು, ಕಲೆಯನ್ನು ತಲೆ ಮಾಡಬಲ್ಲದು, ಆದರೆ ಮಾದರಿಯಿಂದ ಮಾದರಿಗೆ ಅದೇ ಜಾಗದಲ್ಲಿ, ಅದೇ ಅಂತರದಲ್ಲಿ ಪಟ್ಟಿಗಳನ್ನು ಕೊರೆಯಲಾರದು. ಹಾಗೆಂದು ಟುಲ್ಲಿ ಯಾರೆಂದು ಮಿಕಾಮಿಯವರೂ ಹೇಳಿಲ್ಲ. ಬೆನ್ನೆಲುಬಿಲ್ಲದ ನಮ್ಮ ದೂರದ ದಾಯಾದಿ ಇರಬಹುದು, ಇಲ್ಲವೇ ಹುಳು, ಮೃದ್ವಂಗಿಗಳಿರುವ ಆ ಕಡೆಯ ದೊಡ್ಡ ಕವಲಿನದ್ದು ಇರಬಹುದು ಎಂದು ಎರಡು ಬಾಗಿಲನ್ನೂ ತೆರೆದಿಟ್ಟಿದ್ದಾರೆ.

ಅಲ್ಲಿನ ಹವ್ಯಾಸಿಗಳು ಆ ಉಂಡೆಗಳನ್ನು ಕಂಡ ತಕ್ಷಣ ಸುತ್ತಿಗೆಯಿಂದ ಒಡೆಯುವುದಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿ, ಉಂಡೆಗಳನ್ನು ಮುಳುಗಿಸಿ, ಚಳಿಗಾಲದಲ್ಲಿ ಮನೆಯ ಹೊರಗೆ ಇಟ್ಟುಬಿಡುತ್ತಾರೆ. ರಾತ್ರಿ ನೀರು ಹೆಪ್ಪುಗಟ್ಟುತ್ತದೆ, ಹಗಲು ಕರಗುತ್ತದೆ. ಮತ್ತೆ ಹೆಪ್ಪು, ಮತ್ತೆ ಕರಗು. ಒಳಗೆ ಜೀವಿ ಇದ್ದರೆ ಕಲ್ಲು ಬಲಹೀನವಾಗಿರುವುದು ಅದರ ಸುತ್ತಲೇ, ಹಾಗಾಗಿ ಉಂಡೆ ಆ ಗೆರೆಯಲ್ಲೇ ಬಿರಿಯುತ್ತದೆ. ಬೆಳಗ್ಗೆ ಹೋಗಿ ಮೆಲ್ಲಗೆ ತಟ್ಟಿದರೆ ಎರಡು ಹೋಳು. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ಅದರ ಅಚ್ಚು. ಬಹಳಷ್ಟು ಸಲ ಎರಡರಲ್ಲೂ ಏನೂ ಇರುವುದಿಲ್ಲ, ಆಗ ಮುಂದಿನ ಉಂಡೆ ಎತ್ತಿಕೊಳ್ಳುತ್ತಾರೆ.